ಬುಲೆಟ್‌ನ ತವರು ಕಡೆಯವರನ್ನು ನೋಡಿ ಬಂದೆ: ಬರ್ಮಿಂಗ್‌ಹ್ಯಾಮ್ ಹತ್ತಿರದ ನ್ಯಾಷನಲ್ ಮೋಟಾರ್‌ಸೈಕಲ್ ಮ್ಯೂಸಿಯಂ

ಇಂಗ್ಲೆಂಡಿಗೆ ಬಂದು ಮೂರು ವರ್ಷವಾದ ಮೇಲೆ ಕೊನೆಗೂ ಇಲ್ಲಿಗೆ ಹೋದೆ. ಎರಡು ಗಂಟೆ ಸಾಕು ಅಂದುಕೊಂಡಿದ್ದೆ, ಬೆಳಿಗ್ಗೆ ಒಳಗೆ ಹೋದವನು ಹೊರಗೆ ಬಂದಾಗ ಸಂಜೆಯಾಗಿತ್ತು. ಐದು ಹಾಲ್, ಸಾವಿರದಷ್ಟು ಬೈಕು, ಎಲ್ಲ ಬ್ರಿಟನ್ನಿನಲ್ಲೇ ಮಾಡಿದ್ದು.

ನಾನು ಬೆಳೆದದ್ದು ಸಕಲೇಶಪುರದ ಕಡೆ. ಮಾವನ ಹತ್ತಿರ ಹಳೇ ಬುಲೆಟ್ ಇತ್ತು, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಆಂಪಿಯರ್ ಮೀಟರಿನ ಮುಳ್ಳು ನೋಡಿಕೊಂಡು, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಹಿಡಿದು, ಕಿಕ್ಕರ್ ಮೆಲ್ಲಗೆ ಒತ್ತಿ ಆಮೇಲೆ ಒಂದೇ ಏಟಿಗೆ ಸ್ಟಾರ್ಟ್ ಮಾಡುತ್ತಿದ್ದರು. ಗೇರು ಬಲಕ್ಕಿರುವುದು ಬುಲೆಟ್‌ಗೆ ಮಾತ್ರ ಅಂತ ಚಿಕ್ಕಂದಿನಿಂದ ನಂಬಿದ್ದೆ. ಇಲ್ಲಿ ನೋಡಿದರೆ ಬಿಎಸ್‌ಎ, ನಾರ್ಟನ್, ಟ್ರಯಂಫ್ ಅಂತ ಬ್ರಿಟನ್ನಿನ ಹಳೇ ಕಂಪನಿಗಳ ಬೈಕು ಎಲ್ಲದಕ್ಕೂ ಬಲಕ್ಕೇ! ಅಮೆರಿಕದವರು 1970ರ ದಶಕದ ನಡುವೆ ಎಡಗಾಲಿನ ಗೇರು ಕಡ್ಡಾಯ ಮಾಡುವವರೆಗೂ ಇವರ ಮನೆತನದ ಪದ್ಧತಿಯೇ ಅದು.

ನಾನು ಜಾಸ್ತಿ ಹೊತ್ತು ನಿಂತದ್ದು ಟ್ರಯಂಫ್ ಸ್ಪೀಡ್ ಟ್ವಿನ್ ಮುಂದೆ. ಎಡ್ವರ್ಡ್ ಟರ್ನರ್ ಅನ್ನುವವರ ಡಿಸೈನ್, 1937ರದ್ದು, 500 ಸಿಸಿ. ಎರಡು ಸಿಲಿಂಡರ್ ಪಕ್ಕಪಕ್ಕ ಇದ್ದರೂ ಎಂಜಿನ್ ಎಷ್ಟು ಒತ್ತಾಗಿದೆ ಅಂದರೆ ಸಿಂಗಲ್ ಸಿಲಿಂಡರ್ ಬೈಕಿನ ಫ್ರೇಮಿನಲ್ಲೇ ಕೂರುತ್ತದೆ. ದೂರದಿಂದ ಎರಡು ಸೈಲೆನ್ಸರ್ ಇರುವ ಸಿಂಗಲ್ ಥರಾನೇ ಕಾಣುತ್ತದೆ, ಆಗಿನ ಗಿರಾಕಿಗಳಿಗೆ ಕಣ್ಣಿಗೆ ಒಗ್ಗಿದ ಆಕಾರವೇ. ಬಲಗಡೆ ಆ ತ್ರಿಕೋನದ ಟೈಮಿಂಗ್ ಕವರ್ ನೋಡಿ, ಒಳಗೆ ವಾಲ್ವ್ ನಡೆಸುವ ಗೇರ್ ಚಕ್ರಗಳು ಹೇಗೆ ಕೂತಿವೆಯೋ ಅದೇ ಆಕಾರದಲ್ಲಿ ಹೊರಗಿನ ಮುಚ್ಚಳ. ವಾಲ್ವ್ ತಳ್ಳುವ ಪುಷ್‌ರಾಡ್ ಎಲ್ಲಿ ಏರುತ್ತದೆ, ಎಣ್ಣೆ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಲ್ಲೇ ಹಿಡಿದುಕೊಂಡು ಹೋಗಬಹುದು. ಈ ಬೈಕುಗಳ ಅಂದ ಅಂದರೆ ನನಗೆ ಇದೇ, ಮೇಲೆ ಬಳಿದದ್ದಲ್ಲ, ಕೆಲಸ ಮಾಡುವ ಭಾಗಗಳೇ ಅಂದವಾಗಿವೆ. ಈಗಿನ ಬೈಕುಗಳ ಪ್ಲಾಸ್ಟಿಕ್ ಬಿಚ್ಚಿದರೆ ವೈರು, ಹೋಸು ಬಿಟ್ಟು ಏನು ಕಾಣುತ್ತದೆ ಹೇಳಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿಎಸ್‌ಎ, ನಾರ್ಟನ್, ಎನ್‌ಫೀಲ್ಡ್ ಎಲ್ಲರೂ ಈ ಟ್ವಿನ್, ಅಂದರೆ ಎರಡು ಸಿಲಿಂಡರಿನ ದಾರಿಯನ್ನೇ ಹಿಡಿದರು. ನಮ್ಮಲ್ಲಿ ಈಗ ಓಡುವ ಇಂಟರ್‌ಸೆಪ್ಟರ್ 650 ಕೂಡ ಅದೇ ಸಾಲಿನದು.

ವಿನ್ಸೆಂಟ್ ಬ್ಲಾಕ್ ಶ್ಯಾಡೋ ಬೇರೆಯೇ ಲೋಕ. 998 ಸಿಸಿ ವಿ-ಟ್ವಿನ್ (ಎರಡು ಸಿಲಿಂಡರ್ V ಆಕಾರದಲ್ಲಿ), ಎಂಜಿನ್ನಿಗೂ ಕಪ್ಪು ಬಣ್ಣ, ಗಂಟೆಗೆ 150 ಮೈಲಿಯವರೆಗೆ ಅಂಕಿ ಇರುವ ದೊಡ್ಡ ಸ್ಪೀಡೋಮೀಟರ್. ಎಂಜಿನ್ ಕೆಳಗೆ ಫ್ರೇಮ್ ಹುಡುಕಿದೆ, ಇಲ್ಲ! ಎಂಜಿನ್ನೇ ಫ್ರೇಮಿನ ಕೆಲಸ ಮಾಡುತ್ತದೆ. 1940ರ ದಶಕದಲ್ಲಿ ಇದು. ಬಿಎಸ್‌ಎ ಗೋಲ್ಡ್ ಸ್ಟಾರ್ ಹತ್ತಿರವೂ ಒಂದಷ್ಟು ಹೊತ್ತು ನಿಲ್ಲಿ. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ 100 ಮೈಲಿ ಲ್ಯಾಪ್ ಹೊಡೆದವರಿಗೆ ಚಿನ್ನದ ನಕ್ಷತ್ರದ ಪಿನ್ ಕೊಡುತ್ತಿದ್ದರು, ಹೆಸರು ಬಂದದ್ದು ಅದರಿಂದ.

ಹಾಗಂತ ಈ ಬೈಕುಗಳಲ್ಲಿ ತಪ್ಪೇ ಇರಲಿಲ್ಲ ಅಂತಲ್ಲ. ಎಣ್ಣೆ ಸೋರುತ್ತಿತ್ತು, ಲೈಟು ಕೈಕೊಡುತ್ತಿತ್ತು, ಜೋರಾಗಿ ಓಡಿಸಿದರೆ ಕೈ ಜುಮ್ಮೆನ್ನುತ್ತಿತ್ತು. 1969ರಲ್ಲಿ ಹೋಂಡಾ ಸಿಬಿ750 ನಾಲ್ಕು ಸಿಲಿಂಡರ್, ಸೆಲ್ಫ್ ಸ್ಟಾರ್ಟ್, ಡಿಸ್ಕ್ ಬ್ರೇಕ್ ತಗೊಂಡು ಬಂದಾಗ ಇವರ ಹತ್ತಿರ ಉತ್ತರ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಒಂದೊಂದೇ ಕಾರ್ಖಾನೆ ಬಾಗಿಲು ಹಾಕಿತು. ಬೈಕುಗಳ ವರ್ಷ ನೋಡುತ್ತಾ ನಡೆದರೆ ಅದು ತಾನಾಗೇ ಗೊತ್ತಾಗುತ್ತದೆ, ಬೇಜಾರೂ ಆಗುತ್ತದೆ.

ಇನ್ನೊಂದು ಹೇಳಲೇಬೇಕು. 2003ರ ಸೆಪ್ಟೆಂಬರಿನಲ್ಲಿ ಇಲ್ಲಿ ಬೆಂಕಿ ಬಿದ್ದು ಐದರಲ್ಲಿ ಮೂರು ಹಾಲ್ ಸುಟ್ಟುಹೋದವು, ಮುನ್ನೂರಕ್ಕೂ ಜಾಸ್ತಿ ಬೈಕು ಬೆಂಕಿಗೆ ಸಿಕ್ಕವು. ಮುಂದಿನ ವರ್ಷದ ಕೊನೆಗೆ ಮತ್ತೆ ತೆರೆದರು. ಕರಗಿದ ಅಲ್ಯೂಮಿನಿಯಂ, ಸೊಟ್ಟಗಾದ ಫ್ರೇಮು ಇಟ್ಟುಕೊಂಡು ಮತ್ತೆ ಬೈಕು ಮಾಡಿದ ಕೈಗಳಿಗೆ ದೊಡ್ಡ ನಮಸ್ಕಾರ.

ಹೋಗುವುದು ಸುಲಭ. ಬರ್ಮಿಂಗ್‌ಹ್ಯಾಮ್ ಇಂಟರ್‌ನ್ಯಾಷನಲ್ ಸ್ಟೇಷನ್ನಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದರೆ ಕೆಲವೇ ನಿಮಿಷ. ಕಾರಿದ್ದರೆ ಎಂ42 ರಸ್ತೆಯ ಆರನೇ ಜಂಕ್ಷನ್ ಪಕ್ಕದಲ್ಲೇ. ಬೈಕಿನ ಹುಚ್ಚು ಇಲ್ಲದವರನ್ನು ಸುಮ್ನೆ ಕರ್ಕೊಂಡು ಹೋಗಬೇಡಿ, ಅವರ ಮುಖ ನೋಡಿಕೊಂಡು ನೀವು ಬೇಗ ಹೊರಡಬೇಕಾಗುತ್ತದೆ.

ರಾಯಲ್ ಎನ್‌ಫೀಲ್ಡ್ ಸಾಲನ್ನು ಕೊನೆಗೆ ಇಟ್ಟುಕೊಂಡಿದ್ದೆ. ಇವು ಹುಟ್ಟಿದ ರೆಡ್ಡಿಚ್ ಇಲ್ಲಿಂದ ದೂರವೇನಿಲ್ಲ. 1955ರಲ್ಲಿ ಮದ್ರಾಸಿನಲ್ಲಿ ಕಂಪನಿ ಶುರುವಾಯಿತು, ಇಲ್ಲಿನದು 1970ರಲ್ಲಿ ನಿಂತೇಹೋಯಿತು, ಅಲ್ಲಿ ಇನ್ನೂ ನಡೆಯುತ್ತಿದೆ. ಬುಲೆಟ್ ಮುಂದೆ ನಿಂತು ಮಾವನಿಗೆ ವಿಡಿಯೋ ಕಾಲ್ ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಗೇರ್ ಬಾಕ್ಸ್ ಹತ್ತಿರ ನ್ಯೂಟ್ರಲ್ ಲಿವರ್ ಇದೆಯೇನೋ, ಸರಿಯಾಗಿ ತೋರಿಸು" ಅಂದರು. ಒತ್ತಿದರೆ ಸೀದಾ ನ್ಯೂಟ್ರಲ್‌ಗೆ ಬರುವ ಲಿವರ್ ಅದು. ಬಗ್ಗಿ ತೋರಿಸಿದೆ.