ಏರ್ ಸಸ್ಪೆನ್ಷನ್ ತಗ್ಗಿಸುವ ಲಿಂಕ್‌ಗಳು: ಒಂದು ಸೆಟ್ ಟೈರ್ ಸವೆದ ಮೇಲಿನ ಮಾತು

ನನ್ನ ಕಾರಿಗೆ ಕಂಪನಿಯಿಂದಲೇ ಬಂದ ಏರ್ ಸಸ್ಪೆನ್ಷನ್ ಇದೆ, ಅಂದರೆ ಸ್ಟೀಲ್ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲಗಳು ಕಾರನ್ನು ಹೊರುತ್ತವೆ. ಕಾರು ಇನ್ನಷ್ಟು ಕೆಳಗೆ ಕೂರಲಿ ಅಂತ, ಉದ್ದ ಹೊಂದಿಸಬಹುದಾದ ಸೆನ್ಸರ್ ಲಿಂಕ್‌ಗಳ ಸೆಟ್ ಹಾಕಿಸಿದೆ. ಅದಾದ ಮೇಲೆ ಒಂದು ಸೆಟ್ ಟೈರ್ ಪೂರ್ತಿ ಸವೆದಿದೆ, ಎರಡನೆಯದು ಓಡುತ್ತಿದೆ. ಲಿಂಕ್‌ಗಳ ಮೇಲೆ ದೊಡ್ಡ ದೂರೇನೂ ಇಲ್ಲ. ಆದರೆ ಇದನ್ನು ಕೊಳ್ಳಲು ಹೊರಟವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇಳಿಸಿದ ಮೇಲೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಅಳೆದು ಸರಿಪಡಿಸುವ ಕೆಲಸ, ಮತ್ತೆ ಮಾಡಿಸಬೇಕಾ?

ಗುಂಡಿ ಒತ್ತಿ ಇಳಿಸಿದರೆ ಬೇಡ. ಲಿಂಕ್ ಹಾಕಿ ಇಳಿಸಿದರೆ ಬೇಕೇ ಬೇಕು.

ಗುಂಡಿ ಒತ್ತಿದಾಗ ಕಾರು ಇಳಿಯುವುದು, ವೇಗ ಹೆಚ್ಚಿದಾಗ ತಾನಾಗಿಯೇ ತಗ್ಗುವುದು, ಇವೆಲ್ಲ ಕಾರು ಮಾಡಿದವರು ಮೊದಲೇ ಲೆಕ್ಕ ಹಾಕಿಟ್ಟ ಎತ್ತರಗಳು. ಅಲೈನ್‌ಮೆಂಟ್ ಅಳತೆ ಕೊಟ್ಟಿರುವುದು ಒಂದು ನಿರ್ದಿಷ್ಟ ಎತ್ತರಕ್ಕೆ, ಸಾಮಾನ್ಯವಾಗಿ ನಾರ್ಮಲ್ ಮಟ್ಟಕ್ಕೆ. ಕೆಳಗಿನ ಮಟ್ಟದಲ್ಲಿ ಕೋನ ಸ್ವಲ್ಪ ಬದಲಾಗುತ್ತದೆ ಅಂತ ಅವರಿಗೂ ಗೊತ್ತು. ಕಾರು ಮೇಲೆ ಬಂದರೆ ಕೋನವೂ ಹಿಂದಿನದಕ್ಕೇ ಬರುತ್ತದೆ.

ಲಿಂಕ್ ಮಾಡುವ ಕೆಲಸ ಬೇರೆ. ಸಾಮಾನ್ಯವಾಗಿ ಪ್ರತಿ ಚಕ್ರದ ಹತ್ತಿರ ಎತ್ತರ ಅಳೆಯುವ ಸೆನ್ಸರ್ ಇರುತ್ತದೆ. ಅದನ್ನು ಸಸ್ಪೆನ್ಷನ್ ಆರ್ಮ್‌ಗೆ (ಚಕ್ರವನ್ನು ಕಾರಿಗೆ ಕೂಡಿಸುವ ತೋಳು) ಜೋಡಿಸುವ ಕಡ್ಡಿಯೇ ಈ ಲಿಂಕ್. ಅದರ ಉದ್ದ ಬದಲಾದರೆ, ಕಾರು ತುಂಬಾ ಮೇಲಿದೆ ಅಂತ ಕಂಪ್ಯೂಟರ್ ತಿಳಿದುಕೊಂಡು ಗಾಳಿ ಬಿಡುತ್ತದೆ. ಅಂದರೆ ನಾರ್ಮಲ್ ಅನ್ನುವ ಮಟ್ಟವೇ ಕೆಳಗೆ ಸರಿಯಿತು. ಸಸ್ಪೆನ್ಷನ್ ಆರ್ಮ್‌ಗಳು ಬಾಗಿಲಿನ ಹಾಗೆ ಒಂದು ಕೀಲಿನ ಸುತ್ತ ತಿರುಗುವವು. ಚಕ್ರ ನೇರವಾಗಿ ಮೇಲೆ ಕೆಳಗೆ ಹೋಗುವುದಿಲ್ಲ, ಕಮಾನಿನ ದಾರಿಯಲ್ಲಿ ಹೋಗುತ್ತದೆ. ಹಾಗಾಗಿ ಚಕ್ರದ ತಲೆ ಒಳಗೆ ವಾಲುತ್ತದೆ, ಅದು ಕ್ಯಾಂಬರ್. ಸ್ಟೇರಿಂಗ್‌ನಿಂದ ಚಕ್ರಕ್ಕೆ ಬರುವ ಟೈ ರಾಡ್‌ನ ಕಮಾನು ಬೇರೆ ಇರುವುದರಿಂದ ಚಕ್ರದ ಮೂತಿಯೂ ಒಳಗೋ ಹೊರಗೋ ತಿರುಗುತ್ತದೆ, ಅದು ಟೋ.

ಲಿಂಕ್ ಹಾಕುವ ಮೊದಲೂ ಆಮೇಲೂ ಅಳತೆ ತೆಗೆಸಿದ್ದೆ. ಇಳಿಸಿದ್ದು ಸುಮಾರು 25 ಮಿ.ಮೀ. ಹಿಂದಿನ ಚಕ್ರಗಳ ಕ್ಯಾಂಬರ್ ಮೈನಸ್ 1.4 ಡಿಗ್ರಿ ಇದ್ದದ್ದು ಮೈನಸ್ 2 ಆಯಿತು (ಮೈನಸ್ ಅಂದರೆ ತಲೆ ಒಳಗೆ ವಾಲಿದೆ). ಮುಂದಿನ ಚಕ್ರಗಳು ಮೊದಲು ಒಂಚೂರು ಒಳಮುಖವಾಗಿದ್ದವು. ಇಳಿದ ಮೇಲೆ ಒಂದೊಂದೂ 0.1 ಡಿಗ್ರಿ ಹೊರಮುಖ. ಸ್ಟೇರಿಂಗ್ ಹಿಡಿದಾಗಲೇ ಗೊತ್ತಾಗುತ್ತಿತ್ತು, ನೇರ ದಾರಿಯಲ್ಲೂ ಕಾರು ಸುಮ್ನೆ ಆಚೆ ಈಚೆ ಹುಡುಕುತ್ತಿತ್ತು.

0.1 ಡಿಗ್ರಿ ಅಂದರೆ ಏನು ಮಹಾ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಅಷ್ಟು ಓರೆಯಾದ ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು 1.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಸಾವಿರ ಕಿಲೋಮೀಟರಿಗೆ ಒಂದೂ ಮುಕ್ಕಾಲು ಕಿಲೋಮೀಟರ್ ಆಯಿತು. ಟೈರಿನ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನೇ ಬೈಯುತ್ತಾರೆ. ನನ್ನ ಅನುಭವದಲ್ಲಿ ಕಳ್ಳ ಟೋ. ಇದೇ ಲಿಂಕ್ ಹಾಕಿಸಿದ ಗೆಳೆಯರೊಬ್ಬರು ಅಲೈನ್‌ಮೆಂಟ್ ಆಮೇಲೆ ನೋಡೋಣ ಅಂತ ಬಿಟ್ಟರು. ಅವರ ಕಾರಿನ ಹಿಂದಿನ ಚಕ್ರಗಳ ಟೈರುಗಳನ್ನು ಹೊರಗಿನಿಂದ ನೋಡಿದರೆ ಹೊಸದರ ಹಾಗೆ, ಒಳ ಅಂಚಿನಲ್ಲಿ ತಂತಿ ಕಾಣುತ್ತಿತ್ತು. ನನ್ನ ಕಾರಿನಲ್ಲಿ ಟೋ ಸರಿಮಾಡಿಸಿ, ಹಿಂದಿನ ಚಕ್ರಗಳ ಕ್ಯಾಂಬರ್ ಎಷ್ಟು ಬರುತ್ತದೋ ಅಷ್ಟು ವಾಪಸ್ ತರಿಸಿದ್ದೆ. ಮುಂದಿನ ಕ್ಯಾಂಬರ್ ತಿರುಗಿಸಲು ಈ ಕಾರಿನಲ್ಲಿ ಬೋಲ್ಟೇ ಇಲ್ಲ, ಇದ್ದ ಹಾಗೆ ಬಿಟ್ಟೆವು. ಆದರೂ ಮೊದಲ ಸೆಟ್ ಟೈರಿನ ಒಳ ಅಂಚು ಹೊರಗಿಗಿಂತ ಒಂದು ಮಿಲಿಮೀಟರ್ ಮಾತ್ರ ಜಾಸ್ತಿ ಸವೆದಿತ್ತು. ಇದಕ್ಕಿಂತ ತುಂಬಾ ಕೆಳಗೆ ಇಳಿಸುವವರಿಗೆ ಹೊಂದಿಸಬಹುದಾದ ಆರ್ಮ್‌ಗಳ ಖರ್ಚೂ ಸೇರುತ್ತದೆ.

ಅಲೈನ್‌ಮೆಂಟ್ ಮಾಡುವವರನ್ನು ಹುಡುಕುವುದೇ ಇಲ್ಲಿ ನಿಜವಾದ ತಲೆನೋವು. ಮೊದಲು ಹೋದ ಕಡೆ, ಏರ್ ಸಸ್ಪೆನ್ಷನ್ ತಾನೇ ಸರಿ ಮಾಡಿಕೊಳ್ಳುತ್ತೆ, ಅಲೈನ್‌ಮೆಂಟ್ ಬೇಡ ಅಂದರು. ಅದು ಸರಿ ಮಾಡಿಕೊಳ್ಳುವುದು ಎತ್ತರವನ್ನು, ಚಕ್ರದ ಕೋನವನ್ನಲ್ಲ! ಇನ್ನೊಂದು ಕಡೆ ಕಾರನ್ನು ಮೇಲಿನ ಮಟ್ಟದಲ್ಲಿಟ್ಟೇ ಅಳೆಯಲು ಹೊರಟಿದ್ದರು. ಕೊನೆಗೆ ಸಿಕ್ಕವರು ಮೊದಲು ಚಕ್ರದ ನಡುವಿನಿಂದ ಅದರ ಮೇಲಿನ ಫೆಂಡರ್ ತಗಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳತೆ ತೆಗೆದರು. ಎಡ ಬಲ ವ್ಯತ್ಯಾಸವನ್ನು ಲಿಂಕ್‌ನಲ್ಲೇ ತಿದ್ದಿದರು. ಕಾರನ್ನು ಸ್ವಲ್ಪ ಓಡಿಸಿ ತಂದರು, ನಿಂತಲ್ಲೇ ಇಳಿಸಿದರೆ ಟೈರು ನೆಲ ಹಿಡಿದುಕೊಂಡು ಅಳತೆ ತಪ್ಪು ಬರುತ್ತದೆ. ಕೆಲಸದ ಮಧ್ಯೆ ಕಾರು ತಾನೇ ಏರಿಳಿಯದ ಹಾಗೆ ಸಸ್ಪೆನ್ಷನ್ ಅನ್ನು ಲಾಕ್ ಮಾಡಿದರು. ಆಮೇಲೆ ಯಂತ್ರ ಹಚ್ಚಿದರು. ಇಷ್ಟು ಮಾಡದವರ ಹತ್ತಿರ ಹೋಗುವುದು ವ್ಯರ್ಥ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲಿಂಕ್ ಹಾಕಿದರೆ ಎಲ್ಲ ಮಟ್ಟಗಳೂ ಅಷ್ಟಷ್ಟೇ ಕೆಳಗೆ ಹೋಗುತ್ತವೆ. ನನ್ನ ಕಾರು ಹೈವೇಯಲ್ಲಿ ಮೊದಲೇ 20 ಮಿ.ಮೀ. ತಗ್ಗುತ್ತಿತ್ತು. ಈಗ ಹಳೆಯ ನಾರ್ಮಲ್‌ಗಿಂತ ಒಟ್ಟು 45 ಕೆಳಗೆ. ಇದು ಕಾರು ಮಾಡಿದವರ ಲೆಕ್ಕದಲ್ಲಿ ಇಲ್ಲದ ಎತ್ತರ. ನನ್ನ ಓಡಾಟ ಹೆಚ್ಚಾಗಿ ಹೈವೇಯಲ್ಲೇ ಆದ್ದರಿಂದ ಆ ಮಟ್ಟದಲ್ಲೂ ಟೋ ನೋಡಿಸಿದೆ. ನಾರ್ಮಲ್‌ನಲ್ಲಿ ಅಳತೆಯ ಮಿತಿಯೊಳಗೇ, ಸ್ವಲ್ಪ ಒಳಮುಖ ಜಾಸ್ತಿ ಇಟ್ಟು, ಹೈವೇ ಮಟ್ಟದಲ್ಲಿ ಸೊನ್ನೆಯ ಹತ್ತಿರ ಬರುವ ಹಾಗೆ ಮಾಡಿಕೊಟ್ಟರು. ನನ್ನ ಮಟ್ಟಿಗೆ ಟೈರು ಉಳಿಸಿದ್ದು ಇದೇ. ಆ ಮಟ್ಟದಲ್ಲಿ ದೊಡ್ಡ ಹಳ್ಳ ಸಿಕ್ಕಿದರೆ ಬಂಪ್ ಸ್ಟಾಪ್ (ಸಸ್ಪೆನ್ಷನ್ ಇನ್ನೂ ಕುಗ್ಗದಂತೆ ತಡೆಯುವ ತುಂಡು) ಬಡಿಯುವುದು ಮಾತ್ರ ತಪ್ಪಲಿಲ್ಲ.

ಏರ್ ಸಸ್ಪೆನ್ಷನ್‌ನ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಸ್ಟೀಲ್ ಸ್ಪ್ರಿಂಗ್ ಬದಲಿಸಿ ಇಳಿಸಿದವರು ಸ್ಪ್ರಿಂಗ್ ಕೂರಲಿ ಅಂತ ಕೆಲವು ದಿನ ಕಾಯುತ್ತಾರೆ. ಇಲ್ಲಿ ಕಾಯುವ ಕೆಲಸವಿಲ್ಲ. ಹಿಂದೆ ಜನ, ಸಾಮಾನು ತುಂಬಿದರೂ ಎತ್ತರ ಅಷ್ಟೇ, ಕೋನವೂ ಅಷ್ಟೇ.

ಇನ್ನು ಹೆಡ್‌ಲೈಟ್. ಎಷ್ಟೋ ಕಾರುಗಳಲ್ಲಿ ದೀಪದ ಮಟ್ಟ ಸರಿಪಡಿಸುವುದೂ ಇದೇ ಸೆನ್ಸರ್‌ಗಳಿಂದ. ಮುಂದೆ ಹಿಂದೆ ಸಮವಾಗಿ ಇಳಿಸದಿದ್ದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯಬಹುದು. ಅಲೈನ್‌ಮೆಂಟ್ ಆದ ಮೇಲೆ ಸ್ಟೇರಿಂಗ್ ಕೋನದ ಸೆನ್ಸರ್ ಸೊನ್ನೆ ಮಾಡಿಸುವುದನ್ನೂ ಮರೆಯಬೇಡಿ. ಹಿಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಕೂಡಿಸುವ ಪಿಕಪ್‌ಗೆ ಸಸ್ಪೆನ್ಷನ್‌ನ ಗಾಳಿ ಚೀಲ ಹಾಕಿ ಹಿಂಭಾಗ ಮಾತ್ರ ಇಳಿಸುವವರ ಕಥೆ ಬೇರೆ. ಅಲ್ಲಿ ಹಿಂದಿನ ಕ್ಯಾಂಬರ್, ಟೋ ಬದಲಾಗುವುದಿಲ್ಲ, ಎಂಜಿನ್ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಡ್ರೈವ್ ಶಾಫ್ಟ್‌ನ ಕೋನ ನೋಡಿಕೊಳ್ಳಬೇಕು.

ಲಿಂಕ್‌ಗಳಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ತುಕ್ಕು ಹಿಡಿದಿಲ್ಲ, ಲಿಂಕ್‌ನ ಉದ್ದ ಬದಲಾಗದಂತೆ ಹಿಡಿಯುವ ಲಾಕ್ ನಟ್ ಒಮ್ಮೆ ಮಾತ್ರ ಸಡಿಲಾಗಿತ್ತು. ಅದು ಸಡಿಲಾದರೆ ಆ ಮೂಲೆಯ ಎತ್ತರ ಬದಲಾಗುತ್ತದೆ, ಆದ್ದರಿಂದ ಸರ್ವಿಸ್ ಮಾಡಿಸುವಾಗ ನೋಡಿಸಿ. ಒಂದು ಅಂಕ ಕಡಿಮೆಯಾದದ್ದು ಡಬ್ಬದೊಳಗಿನ ಸೂಚನೆ ಚೀಟಿಯಿಂದ. ಅದರಲ್ಲಿ ಅಲೈನ್‌ಮೆಂಟ್ ಬಗ್ಗೆ ಒಂದು ಸಾಲೂ ಇಲ್ಲ. ಕಾರು ಮಾರುವಾಗ ಹಳೆಯ ಲಿಂಕ್ ವಾಪಸ್ ಹಾಕಿದರೆ ಆಯಿತು ಅಂತ ಮಾತ್ರ ಬರೆದಿದ್ದಾರೆ. ಹಾಗೆ ಹಾಕಿದ ದಿನವೂ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು.