ಹನ್ನೆರಡು ಹದಿನೇಳಕ್ಕೆ ನೆರಳು ಕಡ್ಡಿಯ ಬುಡಕ್ಕೆ ಬಂತು: ಕೋರಮಂಗಲದ ಐಐಎಗೆ ಹೋಗಿಬಂದ ಅನುಭವ

ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಅಸೆಂಬ್ಲಿಯಲ್ಲಿ ಕೂತು ಕೆಲಸ ಮಾಡಿದವನು ನಾನು. ನಿಮಿಷ, ಸೆಕೆಂಡು ಅಂದರೆ ನನಗೆ ಅನ್ನ ಕೊಟ್ಟ ವಿಷಯ. 2023ರ ಏಪ್ರಿಲ್ 25ರಂದು ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ, ಮಧ್ಯಾಹ್ನ 12:17ಕ್ಕೆ ನೆಟ್ಟಗೆ ನಿಂತ ಯಾವ ವಸ್ತುವಿಗೂ ನೆರಳು ಬೀಳುವುದಿಲ್ಲ ಅಂತ ಪೇಪರಿನಲ್ಲಿ ಓದಿದಾಗ ನನ್ನ ಕಣ್ಣು ಹೋಗಿದ್ದು ಆ ಹದಿನೇಳರ ಮೇಲೆ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲವೇ? ಬೇಸಿಗೆ ರಜೆಯಲ್ಲಿದ್ದ ಮೊಮ್ಮಗಳನ್ನು ಕರೆದುಕೊಂಡು, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ (ಐಐಎ) ಹೋದೆ.

ಅಂಗಳದಲ್ಲಿ ಮೇಜು, ಮೇಜಿನ ಮೇಲೆ ಬಿಳಿ ಹಾಳೆ, ಅದರ ನಡುವೆ ಹತ್ತು ಸೆಂಟಿಮೀಟರಿನ ಒಂದು ಕಡ್ಡಿ. ಅಷ್ಟೇ ಸಲಕರಣೆ. ಟೋಪಿ ಹಾಕಿಕೊಂಡಿದ್ದ ಹೆಣ್ಣುಮಗಳೊಬ್ಬರು ಮೇಜಿನ ಮೇಲೆ ರಸಮಟ್ಟ ಇಟ್ಟು ನೋಡಿದರು. ಗುಳ್ಳೆ ಎಡಕ್ಕೆ ಸರಿದಿತ್ತು. ರಟ್ಟಿನ ತುಂಡೊಂದನ್ನು ಮಡಚಿ ಮೇಜಿನ ಕಾಲಿನಡಿ ಸೇರಿಸಿದರು, ಮತ್ತೆ ನೋಡಿದರು, ಇನ್ನೊಂದು ಮಡಿಕೆ ಹಾಕಿದರು. ಗುಳ್ಳೆ ನಡುವೆ ನಿಲ್ಲುವ ತನಕ ಮಾತಿಗೇ ಶುರು ಮಾಡಲಿಲ್ಲ. ನಾನು ಅಲ್ಲಿಗೇ ಸೋತೆ. ಅವರು ಅಲ್ಲಿಯ ವಿಜ್ಞಾನಿ, ಸೂರ್ಯನ ಮೇಲೆ ಕೆಲಸ ಮಾಡುವವರು ಅಂತ ಗೊತ್ತಾಗಿದ್ದು ಆಮೇಲೆ.

"ಮಿಸ್, ಹನ್ನೆರಡಕ್ಕೆ ಯಾಕಲ್ಲ?" ಅಂತ ಕೇಳೇಬಿಟ್ಟೆ. ನನ್ನ ಕೈಯಲ್ಲಿದ್ದ ಜನತಾ ವಾಚು ನೋಡಿ ಅವರು ಕೇಳಿದರು, "ಸರ್, ಇದು ಯಾವ ಊರಿನ ಟೈಮು ತೋರಿಸುತ್ತೆ?" ಬೆಂಗಳೂರಿನದು ಅಂದೆ. ಅಲ್ಲವಂತೆ. ದೇಶಕ್ಕೆಲ್ಲ ಒಂದೇ ಟೈಮು ಇಟ್ಟುಕೊಂಡಿರುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ, ನಾವಿರುವುದು 77.6ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗುವುದಕ್ಕೆ ನಾಲ್ಕು ನಿಮಿಷ. ಪೆನ್ಸಿಲ್ಲನ್ನು ಮೊಮ್ಮಗಳ ಕೈಗೇ ಕೊಟ್ಟು ಗುಣಿಸು ಅಂದರು. ಹತ್ತತ್ತಿರ ಇಪ್ಪತ್ತು ನಿಮಿಷ ಬಂತು. ಏಪ್ರಿಲ್ ಕೊನೆಯಲ್ಲಿ ಸೂರ್ಯ ಗಡಿಯಾರಕ್ಕಿಂತ ಎರಡು ನಿಮಿಷ ಮುಂದಿರುತ್ತಾನೆ, ಅದನ್ನು ಕಳೆ ಅಂದರು. ಹದಿನೇಳು ಚಿಲ್ಲರೆ ಉಳಿಯಿತು. ಸಾವಿರಾರು ವಾಚುಗಳಿಗೆ ಟೈಮು ಕೂಡಿಸಿದವನಿಗೆ ಅರವತ್ತೇಳನೇ ವಯಸ್ಸಿನಲ್ಲಿ ಇದು ತಿಳಿಯಿತು. ಮೈ ಜುಮ್ಮೆಂದಿತು.

ಮಕ್ಕಳೆಲ್ಲ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕೆ ಇಡುತ್ತಿದ್ದರು. ಹನ್ನೆರಡು ಗಂಟೆಗೆ ಏಳು ಮಿಲಿಮೀಟರ್ ಇತ್ತು. ಆಮೇಲೆ ನೋಡನೋಡುತ್ತಲೇ ಕುಗ್ಗಿ ಕಡ್ಡಿಯ ಬುಡದಲ್ಲಿ ಅಡಗಿತು. ಕೂಗಾಟ, ಚಪ್ಪಾಳೆ. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಇನ್ನೊಂದು ಕಡೆ, ಪೂರ್ವಕ್ಕೆ, ಮೊಳಕೆಯ ಹಾಗೆ ಇಣುಕಿತು. ನಾಳೆ ಬಂದರೆ ನೆರಳು ಇರುತ್ತಾ ಅಂತ ಒಬ್ಬ ಹುಡುಗ ಕೇಳಿದ. ಈ ದಿನಗಳಲ್ಲಿ ಸೂರ್ಯ ದಿನಕ್ಕೆ ಡಿಗ್ರಿಯ ಮೂರನೇ ಒಂದು ಭಾಗದಷ್ಟು ಉತ್ತರಕ್ಕೆ ಸರಿಯುತ್ತಾನೆ, ಈ ಕಡ್ಡಿಗೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ವ್ಯತ್ಯಾಸ ಬರುತ್ತೆ, ನಿನ್ನ ಸ್ಕೇಲಿನಲ್ಲಿ ಅದನ್ನು ಅಳೆಯೋಕಾಗುತ್ತಾ ನೀನೇ ನೋಡಿ ಹೇಳು ಅಂದರು. ಹುಡುಗ ಸ್ಕೇಲನ್ನು ಕಣ್ಣ ಹತ್ತಿರ ಹಿಡಿದುಕೊಂಡು ನಿಂತ.

ಮಗ ಇರುವುದು ಮಂಗಳೂರಿನಲ್ಲಿ. ಅವನಿಗೆ ಹೇಳಿ ಟೆರೇಸಿನ ಮೇಲೆ ಫ್ಲಾಸ್ಕ್ ನಿಲ್ಲಿಸಿದ್ದೆ. ಹೆಚ್ಚೂಕಡಿಮೆ ನಮ್ಮದೇ ಅಕ್ಷಾಂಶ, ಆದರೆ ಪಶ್ಚಿಮಕ್ಕಿದೆ, ಆದ್ದರಿಂದ ಹನ್ನೊಂದು ನಿಮಿಷ ತಡ ಅಂತ ಮೊಮ್ಮಗಳೇ ಲೆಕ್ಕ ಹಾಕಿದ್ದಳು. 12:28ಕ್ಕೆ ಫೋನ್ ಬಂತು. "ಪುಟ್ಟೀ, ಇಲ್ಲೂ ಹೋಯ್ತು!"

ಇಷ್ಟು ಉದ್ದ ಬರೆಯುವುದಕ್ಕೆ ಕಾರಣ ಇದೆ. ಅದಕ್ಕೆ ಮುಂಚೆ ದುಡ್ಡು ಕೊಟ್ಟು ಒಂದು ಖಾಸಗಿ ನಕ್ಷತ್ರ ವೀಕ್ಷಣೆ ಕ್ಯಾಂಪಿಗೆ ಹೋಗಿದ್ದೆವು. ತಲೆಗೆ ಸಾವಿರದ ಐನೂರು. ಹಸಿರು ಲೇಸರ್, ಮೈಕು, ಬಾಯಿಪಾಠದ ಮಾತು. ಚಂದ್ರ ಹಗಲು ಹೊತ್ತಿನಲ್ಲೂ ಯಾಕೆ ಕಾಣುತ್ತೆ ಅಂತ ಇವಳು ಕೇಳಿದ್ದಕ್ಕೆ, "ಕ್ಯೂ ಮುಂದೆ ಹೋಗಲಿ" ಅನ್ನುವುದೇ ಉತ್ತರವಾಯಿತು. ಮಗು ಮನೆ ತಲುಪುವ ತನಕ ಮಾತಾಡಲಿಲ್ಲ. ಲೇಸರ್ ಹಿಡಿದಿದ್ದ ಆ ಕ್ಯಾಂಪಿನ ಹುಡುಗನನ್ನು ದೂರಿ ಏನು ಬಂತು, ಅವನಿಗೆ ಯಾರೂ ಕಲಿಸಿರಲಿಲ್ಲ. ಆ ಕೆಲಸವನ್ನೇ ಮಾಡುವವರು ಎದುರು ನಿಂತರೆ ಮಗುವಿನ ಪ್ರಶ್ನೆ ದಾರಿ ತಪ್ಪುವುದಿಲ್ಲ ಅನ್ನುವುದನ್ನು ನಾನು ಕೋರಮಂಗಲದಲ್ಲಿ ಕಣ್ಣಾರೆ ಕಂಡೆ.

ಕೋರಮಂಗಲದಲ್ಲಿ ಕೊನೆಗೆ ಆ ವಿಜ್ಞಾನಿ, ಸೂರ್ಯನನ್ನು ನೋಡುವುದಕ್ಕೆಂದೇ ಇಸ್ರೋ ಕಳಿಸಲಿದ್ದ ನೌಕೆ ಆದಿತ್ಯ-ಎಲ್1ರ ಬಗ್ಗೆ ಹೇಳಿದರು. ಅದರ ಮುಖ್ಯ ಉಪಕರಣ ವಿಇಎಲ್‌ಸಿಯನ್ನು ಕಟ್ಟಿದ್ದು ಇದೇ ಸಂಸ್ಥೆಯ ಹೊಸಕೋಟೆ ಕ್ಯಾಂಪಸ್ಸಿನಲ್ಲಿ, ಜನವರಿಯಲ್ಲಿ ಇಸ್ರೋಗೆ ಒಪ್ಪಿಸಿದ್ದಾಗಿತ್ತು. ಸೂರ್ಯನ ಬಿಂಬವನ್ನು ಮರೆಮಾಡಿ, ಅದಕ್ಕಿಂತ ಲಕ್ಷಾಂತರ ಪಟ್ಟು ಮಂಕಾದ ಕರೋನವನ್ನು, ಅಂದರೆ ಸೂರ್ಯನ ಹೊರಗಿನ ವಾತಾವರಣವನ್ನು, ನೋಡುವ ಯಂತ್ರ. ಕನ್ನಡಿಯ ಮೇಲೆ ಧೂಳಿನ ಕಣ ಕೂತರೂ ಬೆಳಕು ಚದುರಿ ಕೆಲಸ ಕೆಡುತ್ತದಂತೆ. ವಾಚಿನೊಳಗಿನ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಧೂಳು ಅಂಟಿದರೆ ಏನಾಗುತ್ತೆ ಅಂತ ನಾನು ಹೇಳಿದೆ. ಹತ್ತು ನಿಮಿಷ ಇಬ್ಬರೂ ಧೂಳಿನ ಬಗ್ಗೆಯೇ ಮಾತಾಡಿದೆವು. ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ರಾಕೆಟ್ ಎದ್ದಾಗ ಮೊಮ್ಮಗಳು ಟಿವಿ ಮುಂದೆ ಕುಣಿದಳು, "ತಾತ, ರಸಮಟ್ಟದ ಮಿಸ್‌ದು ಹೋಗ್ತಾ ಇದೆ!"

ಹೋಗುವವರಿಗೆ: ನಮ್ಮಿಂದ ಒಂದು ಪೈಸೆ ತಗೊಳ್ಳಲಿಲ್ಲ. ಟೋಪಿ, ನೀರು ಇರಲಿ, ಹನ್ನೊಂದೂವರೆಗೇ ತಲುಪಿ. ಮಕ್ಕಳು ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡದ ಹಾಗೆ ಎಚ್ಚರ ವಹಿಸಿ. ಕರ್ನಾಟಕದ ಎಲ್ಲ ಊರಿಗೂ ವರ್ಷಕ್ಕೆ ಎರಡು ಸಲ ಈ ದಿನ ಬರುತ್ತದೆ, ದಿಲ್ಲಿಗೆ ಬರುವುದೇ ಇಲ್ಲ. ಇಂಥ ವಿಜ್ಞಾನಿಗಳು ಒಂದೊಂದು ತಾಲ್ಲೂಕಿನ ಸರ್ಕಾರಿ ಶಾಲೆಗೂ ಒಂದು ಕಡ್ಡಿ, ಒಂದು ರಸಮಟ್ಟ ಹಿಡಿದು ಬರಲಿ ಅನ್ನುವುದು ನನ್ನ ಕಳಕಳಿಯ ಬೇಡಿಕೆ.

ಆಗಸ್ಟ್ 18ರಂದು ನಮ್ಮ ಮನೆ ಟೆರೇಸಿನ ಮೇಲೆ ನಾವೇ ಮಾಡಿದೆವು. ಆ ದಿನ ನೆರಳು ಹೋಗಿದ್ದು 12:24ಕ್ಕೆ. ಏಪ್ರಿಲ್‌ಗಿಂತ ಏಳು ನಿಮಿಷ ತಡ ಯಾಕೆ ಅಂದಳು ಮೊಮ್ಮಗಳು. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ಓರೆ, ಹಾಗಾಗಿ ಸೂರ್ಯ ಗಡಿಯಾರಕ್ಕಿಂತ ಕೆಲವೊಮ್ಮೆ ಮುಂದೆ, ಕೆಲವೊಮ್ಮೆ ಹಿಂದೆ ಅಂತ ನನಗೆ ತಿಳಿದಷ್ಟು ಹೇಳಿದೆ. ಅವಳು ನೋಟ್‌ಬುಕ್ಕಿನಲ್ಲಿ ಎರಡೂ ಟೈಮು ಬರೆದು, ಕೆಳಗೆ ಗೆರೆ ಎಳೆದು, "ಮಿಸ್‌ನ ಕೇಳಬೇಕು" ಅಂತ ಬರೆದಿಟ್ಟಿದ್ದಾಳೆ.