ಜೋಡಿ ಫ್ಲ್ಯಾಟ್‌ನವರೇ, ಪವರ್‌ಲೈನ್ ಅಡಾಪ್ಟರ್ ಕೊಳ್ಳುವ ಮುಂಚೆ ಕರೆಂಟ್ ಮೀಟರ್ ನೋಡಿ

ಮುಂಬೈಯ ಮಾಟುಂಗದಲ್ಲಿ ನಮ್ಮದು ಹಳೇ ಬಿಲ್ಡಿಂಗ್. ಮಾವನವರು ಪಕ್ಕದ ಮನೆಯನ್ನೂ ಕೊಂಡು, ನಡುವಿನ ಗೋಡೆ ಒಡೆಸಿ ಬಾಗಿಲು ಇಡಿಸಿದ ಜೋಡಿ ಫ್ಲ್ಯಾಟ್. ರೂಟರ್ ಈ ಕಡೆಯ ಹಾಲ್‌ನಲ್ಲಿದೆ, ಮಗಳ ಕೋಣೆ ಆ ಕಡೆಯ ತುದಿಯಲ್ಲಿ. ಗೋಡೆಗಳು ದಪ್ಪ. ವೈಫೈ ಅಲ್ಲಿಗೆ ಮುಟ್ಟುವುದೇ ಇಲ್ಲ.

ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಪವರ್‌ಲೈನ್ ಅಡಾಪ್ಟರ್ ತೋರಿಸಿದರು. ಒಂದನ್ನು ರೂಟರ್ ಹತ್ತಿರ ಹಾಕಿ, ಇನ್ನೊಂದನ್ನು ಕೋಣೆಯಲ್ಲಿ ಹಾಕಿ, ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಹೋಗುತ್ತದೆ ಅಂದರು. ಡಬ್ಬದ ಮೇಲೆ ವೇಗ 600 ಎಂಬಿಪಿಎಸ್ ಅಂತ ದೊಡ್ಡದಾಗಿ ಇತ್ತು. ಮನೆಯಲ್ಲಿ ಎಷ್ಟು ಕರೆಂಟ್ ಮೀಟರ್ ಇದೆ ಅಂತ ಅವರು ಕೇಳಲಿಲ್ಲ. ಅದು ಮುಖ್ಯ ಅಂತ ನನಗೂ ಗೊತ್ತಿರಲಿಲ್ಲ.

ಮಗಳ ಕೋಣೆಯಲ್ಲಿ ಸಿಕ್ಕಿದ್ದು ಬರೀ 6. ಅವಳ ಆನ್‌ಲೈನ್ ಟೆಸ್ಟ್ ದಿನ ನಾನು ಚಟ್ನಿಗೆ ಮಿಕ್ಸಿ ಹಾಕಿದೆ. "ಅಮ್ಮಾ, ಹೋಯ್ತು!" ಅಂತ ಕೂಗಿದಳು. ಓಡಿ ಹೋಗಿ ನೋಡಿದರೆ ಅಡಾಪ್ಟರಿನ ಲಿಂಕ್ ದೀಪ ಆರಿತ್ತು, ಹನ್ನೊಂದನೇ ಪ್ರಶ್ನೆಯಲ್ಲಿ ಪುಟ ನಿಂತಿತ್ತು. ಅವಳ ಕಣ್ಣಲ್ಲಿ ನೀರು. ಆ ಹೊತ್ತು ನನಗೆ ಇನ್ನೂ ಮರೆತಿಲ್ಲ.

ಕುಂದಾಪುರ ಕಡೆಯ ನಮ್ಮ ವಾಯರ್‌ಮನ್ ಬಂದು ನೋಡಿದರು. "ಅಕ್ಕ, ನಿಮ್ಮದು ಎರಡು ಮೀಟರ್ ಅಲ್ವಾ? ಈ ಕಡೆಗೆ ಒಂದು ಫೇಸ್, ಅಂದರೆ ಕರೆಂಟ್ ಬರುವ ಒಂದು ಲೈನ್, ಆ ಕಡೆಗೆ ಇನ್ನೊಂದು. ಸಿಗ್ನಲ್ ಕೆಳಗಿನ ಮೀಟರ್ ರೂಮಿನ ತನಕ ಇಳಿದು ಮತ್ತೆ ಹತ್ತಿ ಬರಬೇಕು" ಅಂದರು.

ಆಮೇಲೆ ನಾನೂ ಓದಿಕೊಂಡೆ. ನಮ್ಮ ಕರೆಂಟ್ 50 ಹರ್ಟ್ಸ್. ಡೇಟಾ ಅದೇ ವೈರಿನಲ್ಲಿ 2 ಮೆಗಾಹರ್ಟ್ಸ್‌ಗಿಂತ ಮೇಲೆ ಹೋಗುತ್ತದೆ. ಬೇರೆ ಫೇಸ್‌ಗೆ ದಾಟುವಾಗ ಅದು ತುಂಬಾ ಸೊರಗುತ್ತದೆ. ಮಿಕ್ಸಿಯ ಮೋಟರ್, ಅಗ್ಗದ ಚಾರ್ಜರ್, ಕೆಲವು ಎಲ್‌ಇಡಿ ಬಲ್ಬ್ ಎಲ್ಲ ಅದೇ ವೈರಿಗೆ ಕರೆಂಟಿನ ಗದ್ದಲ ಬಿಡುತ್ತವೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಈ ಸಿಗ್ನಲ್ಲನ್ನೇ ಗದ್ದಲ ಅಂದುಕೊಂಡು ಸೋಸಿಬಿಡಬಹುದು. ನಾನು ಮೊದಲು ಹಾಕಿದ್ದು ಅಂಥದ್ದಕ್ಕೇ! ಗೋಡೆಯ ಪ್ಲಗ್‌ಗೇ ಹಾಕಬೇಕು.

ಆ 600 ಎರಡೂ ದಿಕ್ಕು ಸೇರಿಸಿದ ಲೆಕ್ಕ. ಅದರಲ್ಲಿ ತಪ್ಪು ತಿದ್ದಲು ಹೋಗುವ ಭಾಗವೂ ಸೇರಿದೆ. ಅದೂ ಅಲ್ಲದೆ ನನ್ನ ಅಡಾಪ್ಟರಿನ ಲ್ಯಾನ್ ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ, ಬರೀ 100ರದ್ದು. ಎಷ್ಟೇ ಒಳ್ಳೆ ವೈರಿಂಗ್ ಇದ್ದರೂ ಅದನ್ನು ದಾಟುವ ಹಾಗಿಲ್ಲ. ಡಬ್ಬದ ಹಿಂಬದಿಯ ಸಣ್ಣ ಅಕ್ಷರ ಓದಿ.

ಕೊಳ್ಳುವ ಮುಂಚೆ ಒಂದು ಮೀಟರಿನ ಮೇನ್ ಸ್ವಿಚ್ ಆಫ್ ಮಾಡಿ. ನಿಮಗೆ ಬೇಕಾದ ಎರಡೂ ಪ್ಲಗ್ ಒಟ್ಟಿಗೆ ಸತ್ತರೆ ಎರಡೂ ಒಂದೇ ಮೀಟರಿನವು, ಆಸೆ ಇಟ್ಟುಕೊಳ್ಳಬಹುದು. ಒಂದು ಮಾತ್ರ ಸತ್ತರೆ ಸುಮ್ನೆ ದುಡ್ಡು ಹಾಕಬೇಡಿ. ಅಡಾಪ್ಟರ್ ಹಾಕಿದರೂ ಅದರ ಪೇರ್ ಬಟನ್ ಒತ್ತಿ ಹೊಸ ಕೀ (ಗುಪ್ತ ಸಂಕೇತ) ಮಾಡಿಕೊಳ್ಳಿ. ಹೋಮ್‌ಪ್ಲಗ್ ಅನ್ನುವ ಜಾತಿಯ ಅಡಾಪ್ಟರ್‌ಗಳು ಕಾರ್ಖಾನೆಯಿಂದ ಒಂದೇ ಕೀ ಇಟ್ಟುಕೊಂಡು ಬರುತ್ತವೆ. ಸಿಗ್ನಲ್ ಮೀಟರ್ ದಾಟಿ ಪಕ್ಕದ ಮನೆಗೂ ಸ್ವಲ್ಪ ಹೋಗಬಹುದು, ಅಲ್ಲೂ ಅದೇ ಕೀ ಇರುವ ಅಡಾಪ್ಟರ್ ಇದ್ದರೆ ನಿಮ್ಮದಕ್ಕೆ ಸೇರಿಕೊಂಡುಬಿಡಬಹುದು.

ಡಬ್ಬ ಒಡೆದಿದೆ ಅಂತ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕೊನೆಗೆ ಮಾವನವರು ಇಡಿಸಿದ ಬಾಗಿಲಿನ ಚೌಕಟ್ಟಿನ ಮೇಲಿಂದ ವಾಯರ್‌ಮನ್ ಲ್ಯಾನ್ ಕೇಬಲ್ ಎಳೆದುಕೊಟ್ಟರು. ಮಗಳ ಕೋಣೆಗೆ ಈಗ ನಮ್ಮ ಪ್ಲಾನಿನ ಪೂರ್ತಿ 100 ಬರುತ್ತಿದೆ, ಮಿಕ್ಸಿ ಓಡುವಾಗಲೂ.